ಚಕ್ಕಡಿ ಹಾದಿ, ಸೀಟಿನ ಚಿಂತೆ

ಗುಂದ ದಾಟಿದ ಮೇಲೆ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಉಳವಿಯ ಹಾದಿ ಕಾಡಿನೊಳಗೆ ಹೊಗುತ್ತದೆ. ಅಲ್ಲಿಂದ ಮುಂದೆ ಕಣ್ಣಿಗಿಂತ ಕಿವಿಗೇ ಕೆಲಸ ಹೆಚ್ಚು. ಮೊದಲು ತಿರುವಿನಾಚೆ ಎಲ್ಲೋ ಗೆಜ್ಜೆಸರದ ಝಣಝಣ, ಆಮೇಲೆ ಗಾಲಿ ಕಲ್ಲು ಹತ್ತಿ ಇಳಿದ ಸದ್ದು, ಅದರ ಬೆನ್ನಿಗೇ ಒಬ್ಬರು ಎತ್ತಿಕೊಟ್ಟು ಉಳಿದವರೆಲ್ಲ ಪೂರೈಸುವ ‘ಹರ ಹರ ಮಹಾದೇವ’. ಚಕ್ಕಡಿ ಕಣ್ಣಿಗೆ ಬೀಳುವ ಹೊತ್ತಿಗೆ ಒಣಗಿದೆಲೆಯ ವಾಸನೆಯ ಮೇಲೆ ಕಣಕಿಯ ವಾಸನೆ, ಎತ್ತಿನ ಬೆವರು, ಕೆಂಧೂಳು ಎಲ್ಲ ಒಟ್ಟಿಗೇ ಬಂದು ಮುಖಕ್ಕೆ ತಾಗಿರುತ್ತವೆ. ಕೊಂಬಿಗೆ ಬಣ್ಣ, ಹಣೆಗೆ ಗೊಂಡೆ, ಬೆನ್ನಿಗೆ ಝೂಲ. ಮೇಲೆ ಬಿದಿರು ಬಗ್ಗಿಸಿ ಹೊದಿಸಿದ ತಾಡಪತ್ರಿ, ಅದರಡಿ ರೊಟ್ಟಿಯ ಗಂಟು, ನೀರಿನ ಕೊಡ, ಹಾಸಿಗೆ ಸುರುಳಿ, ಅಜ್ಜಿ, ಮೊಮ್ಮಕ್ಕಳು. ಭಾರತ ಹುಣ್ಣಿಮೆಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ರೈತರು ಹೀಗೆ ದಿನಗಟ್ಟಲೆ ನಡೆದು ಬರುತ್ತಾರೆ. ಕಾರಿನಲ್ಲಿ ಬಂದರೆ ಅರ್ಧ ದಿನದ ಹಾದಿ ಎಂಬುದು ಅವರಿಗೂ ಗೊತ್ತು. ಊರ ಅಂಗಳದಲ್ಲಿ ಕಾರು ನಿಂತೂ ಇರುತ್ತದೆ.

ಸಾಲಿನ ಕೊನೆಗೆ ಬರುತ್ತಿರುವ ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಆ ಹುಡುಗಿಯನ್ನು ನೋಡಿ. ತೊಡೆಯ ಮೇಲೆ ಸ್ಪೈರಲ್ ಹಾಕಿಸಿದ ಝೆರಾಕ್ಸ್ ನೋಟ್ಸು. ಗಾಲಿ ಕುಳಿಗೆ ಇಳಿದಾಗಲೆಲ್ಲ ಪೆನ್ನು ಜಾರಿ ಹಾಳೆಯ ಮೇಲೆ ಅಡ್ಡಗೆರೆ ಎಳೆಯುತ್ತದೆ. ಅವಳು ಆ ಗೆರೆಯ ಕೆಳಗಿನಿಂದ ಮತ್ತೆ ಬರೆಯಲು ತೊಡಗುತ್ತಾಳೆ. 2025ರಲ್ಲಿ ಭಾರತ ಹುಣ್ಣಿಮೆ ಬಿದ್ದದ್ದು ಫೆಬ್ರುವರಿ 12ಕ್ಕೆ. ಎಂ.ಟೆಕ್ ಸೇರುವವರ ಗೇಟ್ ಪರೀಕ್ಷೆ ಅದೇ ತಿಂಗಳ 1, 2, 15 ಮತ್ತು 16ಕ್ಕೆ. ಎರಡು ಶನಿವಾರ-ಭಾನುವಾರಗಳ ನಡುವೆ ಜಾತ್ರೆ ಸಿಕ್ಕಿಕೊಂಡಿತ್ತು. ಪೇಪರು ಮುಗಿದವರು ಹಗುರಾಗಿ ಬಂದರು, ಬಾಕಿಯಿದ್ದವರು ನೋಟ್ಸು ಹೊತ್ತು ಬಂದರು. ಹರಕೆ ಹೊತ್ತ ಆಯಿಯ ಮುಂದೆ ಪರೀಕ್ಷೆಯ ಕ್ಯಾಲೆಂಡರ್ ಹಿಡಿದು ವಾದಿಸುವ ಧೈರ್ಯ ಯಾವ ಮೊಮ್ಮಗಳಿಗಿದೆ?

ಸಂಜೆಯಾದಂತೆ ಉಳವಿಯ ಬಯಲು ತುಂಬುತ್ತದೆ. ನೊಗ ಇಳಿಸಿ, ಎತ್ತಿಗೆ ನೀರು ಕುಡಿಸಿ, ಕಣಕಿ ಹಾಕಿ, ಆಮೇಲೆ ಮನುಷ್ಯರ ಊಟದ ವಿಚಾರ. ಮೂರು ಕಲ್ಲಿನ ಒಲೆಗಳಿಂದ ಹೊಗೆ ನೆಲಮಟ್ಟದಲ್ಲೇ ಹರಡಿ ಮರಗಳ ಸೊಂಟಕ್ಕೆ ಸುತ್ತಿಕೊಳ್ಳುತ್ತದೆ. ಕಟಕ ರೊಟ್ಟಿ ಮುರಿಯುವ ಸದ್ದು, ಶೇಂಗಾ ಹಿಂಡಿಯ ಘಮ, ಎಲ್ಲೋ ಮಾದಲಿಯ ಏಲಕ್ಕಿ. ಪಕ್ಕದ ಚಕ್ಕಡಿಯವರು ಪರಿಚಯವಿರಲಿ ಬಿಡಲಿ, ಒಂದು ಬಟ್ಟಲು ಪಲ್ಯ ಈ ಕಡೆ ಬರುತ್ತದೆ, ಒಂದು ಬಟ್ಟಲು ಮೊಸರು ಆ ಕಡೆ ಹೋಗುತ್ತದೆ. ಬಟ್ಟಲಿನ ಜೊತೆಗೇ ಪ್ರಶ್ನೆಯೂ ಬರುತ್ತದೆ.

“ಎಂಜಿನಿಯರಿಂಗ್ ಮುಗಿಯಾಕ ಬಂತಲ್ಲವಾ, ಮತ್ತ್ಯಾಕ ಓದೂದು?”

“ಎಂ.ಟೆಕ್ ಮಾಡಬೇಕಂತೀನ್ರಿ ಆಯಿ.”

“ಸೀಟು ಸಿಕ್ತೇನು?”

“ಇನ್ನಾ ಪರೀಕ್ಷಾನ ಮುಗಿದಿಲ್ರಿ. ಸೀಟು ಗೊತ್ತಾಗೂದು ಜೂನ್‌ದಾಗ.”

“ಅಷ್ಟೊತ್ತಿಗೆ ಬಿತ್ತಿಗಿನೂ ಸುರು ಆಗಿರ್ತೈತಲ್ಲ!”

ಆಯಿಯ ಲೆಕ್ಕ ಸರಿಯಾಗಿಯೇ ಇದೆ. ಫೆಬ್ರುವರಿಯ ಪರೀಕ್ಷೆಗೆ ಅರ್ಜಿ ಹಾಕಿದ್ದು ಹಿಂದಿನ ವರ್ಷ, ಸೋಯಾಬೀನು ಕಟಾವಿಗೆ ಬರುವ ಹೊತ್ತಿಗೆ. ಆ ಸಲದ ಫಲಿತಾಂಶ ಮಾರ್ಚ್ 19ಕ್ಕೆ ಬಂತು. ಅಂಕ ಬಂದರೆ ಸೀಟು ಬಂದಂತಲ್ಲ. ಒಂದೊಂದು ಐಐಟಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ, ಕೆಲವೆಡೆ ಸಂದರ್ಶನ. ಮೇ ತಿಂಗಳಲ್ಲಿ ಎಲ್ಲ ಐಐಟಿಗಳ ಆಫರ್‌ಗಳೂ ಒಂದೇ ಪೋರ್ಟಲ್ಲಿನಲ್ಲಿ ಸುತ್ತುಸುತ್ತಾಗಿ ಬೀಳಲು ತೊಡಗುತ್ತವೆ. ಆಫರ್ ಬಂದವರ ಮುಂದೆ ಮೂರು ದಾರಿ: ಒಪ್ಪಿಕೊಂಡು ಆಟ ಮುಗಿಸುವುದು, ಬಂದದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಇಲ್ಲವೇ ಬೇಡವೆಂದು ಬಿಟ್ಟು ಕಾಯುವುದು. ಗಡುವಿನೊಳಗೆ ಏನೂ ಒತ್ತದಿದ್ದರೆ ಬಂದ ಆಫರ್ ಕೈಬಿಟ್ಟು ಹೋಗುತ್ತದೆ.

ಹುಡುಗಿ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದಾಗ ಎತ್ತಿನ ಗೊರಸು ನೋಡುತ್ತ ಕುಳಿತಿದ್ದ ಮುತ್ಯಾ ತಲೆಯೆತ್ತಿ, “ಹಂಗಾರ ಸಂಚಕಾರ ಕೊಟ್ಟು ಎತ್ತು ಹಿಡಿದಿಟ್ಟಾಂಗ ಆತು. ಬ್ಯಾರೆ ಜೋಡಿ ಚಲೋದ್ ಸಿಕ್ಕರ ಇದನ್ನ ಬಿಡೂದು,” ಎಂದರು. ಆ ಬಯಲಿನಲ್ಲಿ ಪೋರ್ಟಲ್ಲಿನ ನಿಯಮ ಅಷ್ಟು ಬೇಗ ಅರ್ಥವಾದದ್ದು ಅವರೊಬ್ಬರಿಗೇ. ಅವಳ ಅಪ್ಪ ಮಾತ್ರ ಇನ್ನೊಂದೇ ಲೆಕ್ಕದಲ್ಲಿದ್ದರು: ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಬರುತ್ತದಂತೆ, ಹಾಗಾದರೆ ಈ ವರ್ಷ ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ.

ಕತ್ತಲಾದ ಮೇಲೆ ಗುಡಿಯ ಕಡೆ ಹೋಗೋಣ. ಸಾಲು ಉದ್ದವಿದೆ. ಬೆಂಡು-ಬೆತ್ತಾಸ, ಚುರಮರಿ, ಬಳೆ, ಮಿರ್ಚಿ ಭಜಿಯ ಅಂಗಡಿಗಳ ನಡುವೆ ಒತ್ತೊತ್ತಾಗಿ ಸರಿಯುವ ಜನ. ಕೈಯಲ್ಲಿ ಕಾಯಿ, ಕರ್ಪೂರ. ಕೆಲವರ ಕಿಸೆಯಲ್ಲಿ ಹಾಲ್ ಟಿಕೆಟ್ಟಿನ ಪ್ರತಿ; ಅದನ್ನು ಗದ್ದುಗೆಗೆ ಮುಟ್ಟಿಸಿ ತೆಗೆದುಕೊಂಡು ಹೋಗುವ ಆಸೆ. ಈ ಗದ್ದುಗೆಯ ಮುಂದೆ ಆ ಆಸೆಗೆ ಒಂದು ಅರ್ಥವೂ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ವಚನದ ಕಟ್ಟುಗಳನ್ನು ಉಳಿಸಿಕೊಂಡು, ತಾಯಿ ನಾಗಲಾಂಬಿಕೆ ಮತ್ತು ಶರಣರ ದಂಡಿನೊಂದಿಗೆ ಈ ದಟ್ಟ ಕಾಡಿಗೆ ಬಂದವನು ಚನ್ನಬಸವಣ್ಣ. ಅಲ್ಲಮನ ನಂತರ ಶೂನ್ಯ ಸಿಂಹಾಸನವೇರಿದವನು, ಷಟ್‌ಸ್ಥಲದ ಮಹಾಜ್ಞಾನಿ ಎನಿಸಿಕೊಂಡವನು. ಇಲ್ಲಿ ಲಿಂಗೈಕ್ಯನಾದಾಗ ಅವನ ವಯಸ್ಸು ಇಪ್ಪತ್ತೈದರ ಆಸುಪಾಸು ಎಂದು ಪರಂಪರೆ ಹೇಳುತ್ತದೆ. ಅಂದರೆ ಸಾಲಿನಲ್ಲಿ ನಿಂತು ಅರ್ಜಿ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತಿರುವ ಈ ಹುಡುಗರ ವಯಸ್ಸು. ‘ಇನ್ನೂ ಸೆಟಲ್ ಆಗಿಲ್ಲ’ ಎಂದು ಮನೆಯವರು ಗೊಣಗುವ ವಯಸ್ಸೂ ಅದೇ.

ಅಂಗಡಿ ಸಾಲಿನ ತುದಿಯಲ್ಲಿ ಶರಬತ್ತಿನ ಲೋಟ ತೊಳೆಯುತ್ತಿರುವ ಹುಡುಗ ಜಾತ್ರೆಗೆ ಬಂದವನಲ್ಲ, ಇಲ್ಲಿಯವನೇ. ಕಾಡಿನೊಳಗಿನ ಕುಣಬಿ ಮಜಿರೆಯಿಂದ ಬಂದಿದ್ದಾನೆ, ದಾಂಡೇಲಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಅವನ ಚಿಂತೆ ಗೇಟ್ ಅಲ್ಲ, ಎಂ.ಎಸ್ಸಿ. ಮಾರ್ಚ್‌ನಲ್ಲಿ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬೇಕು. ಜಾತ್ರೆಯ ಗದ್ದಲದಲ್ಲೂ ಅವನ ಕಣ್ಣು ಆಗಾಗ ಫೋನಿನ ಮೇಲ್ಮೂಲೆಗೆ ಹೋಗುತ್ತದೆ. ಜೋಯಿಡಾ ತಾಲ್ಲೂಕಿನಲ್ಲಿ ಬೆಳೆದವರಿಗೆಲ್ಲ ಇರುವ ಅಭ್ಯಾಸ ಅದು. ಇಂಥ ಗುಡ್ಡದ ಇಂಥ ಬಂಡೆ, ಇಂಥ ಮತ್ತಿಮರದ ಬುಡ, ಅಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತರೆ ಒಂದು ಕಡ್ಡಿ ನೆಟ್‌ವರ್ಕ್: ಪ್ರತಿ ಮಜಿರೆಗೂ ಇಂಥದೊಂದು ಜಾಗ ಉಂಟು. ಅರ್ಜಿ ತುಂಬಲು ಅಲ್ಲಿಗೆ ಹತ್ತಬೇಕು. ಓಟಿಪಿ ಮೊದಲ ಸಲ ಬರುವುದಿಲ್ಲ, ಎರಡನೆಯ ಸಲ ಅವಧಿ ಮುಗಿದ ಮೇಲೆ ಬರುತ್ತದೆ, ಮೂರನೆಯ ಸಲಕ್ಕೆ ಪುಟವೇ ಕುಸಿಯುತ್ತದೆ. ಕೊನೆಗೆ ಎಲ್ಲರೂ ಮಾಡುವುದು ಒಂದೇ, ಬಸ್ಸು ಹಿಡಿದು ಜೋಯಿಡಾಕ್ಕೋ ದಾಂಡೇಲಿಗೋ ಹೋಗಿ ಗ್ರಾಮ ಒನ್‌ನಲ್ಲೋ ಸೈಬರ್ ಸೆಂಟರಿನಲ್ಲೋ ಕೂರುವುದು.

ದಾಂಡೇಲಿ ಸಮೀಪಿಸಿದ್ದು ಬಸ್ಸಿನ ಕಿಟಕಿ ಮುಚ್ಚಿದ್ದರೂ ಮೂಗಿಗೆ ತಿಳಿಯುತ್ತದೆ. ಬೇಯುವ ತಿರುಳಿನ ಆ ಗಂಧಕದ ವಾಸನೆಯನ್ನು ಊರಿನವರು ಗಮನಿಸುವುದನ್ನೇ ಬಿಟ್ಟು ಬಹುಕಾಲವಾಯಿತು. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಅದು. ಸುತ್ತಲ ಕಾಡಿನ ಬಿದಿರನ್ನು ಅರೆದು ತಲೆಮಾರುಗಟ್ಟಲೆ ಹಾಳೆ ಮಾಡಿತು. ಈಗ ಅರ್ಜಿಗೆ ಹಾಳೆ ಬೇಡವೆನ್ನುತ್ತಾರೆ, ಎಲ್ಲ ಆನ್‌ಲೈನ್. ಆದರೆ ಹುಡುಗನ ಪ್ಲಾಸ್ಟಿಕ್ ಫೈಲು ತೆಗೆದು ನೋಡಿದರೆ ತೂಕ ತಿಳಿಯುತ್ತದೆ: ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪ್ರತಿ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಟಿ.ಸಿ., ಆರ್‌ಡಿ ನಂಬರಿನ ಜಾತಿ-ಆದಾಯ ಪತ್ರ, ಕನ್ನಡ ಮಾಧ್ಯಮ ಪತ್ರ, ಗ್ರಾಮೀಣ ಪತ್ರ. ಒಂದೊಂದಕ್ಕೂ ಎರಡು ಸೆಟ್ ಝೆರಾಕ್ಸ್. ಕೇಂದ್ರದ ಸಂಸ್ಥೆಗೆ ಹಿಂದುಳಿದ ವರ್ಗದ ಪತ್ರ ಬೇರೆಯದೇ ನಮೂನೆಯಲ್ಲಿ ಬೇಕು, ಅದು ಆ ವರ್ಷದ ಏಪ್ರಿಲ್ 1ರ ನಂತರದ್ದೇ ಆಗಿರಬೇಕು ಎಂಬಂಥ ನಿಯಮಗಳು ಸಾಮಾನ್ಯವಾಗಿ ಕೊನೆಯ ವಾರದಲ್ಲಿ ಗೊತ್ತಾಗುತ್ತವೆ.

ಜಾತಿಯ ಕಾಲಮ್ಮಿಗೆ ಬಂದಾಗ ಈ ಹುಡುಗನ ಬೆರಳು ನಿಲ್ಲುವುದಕ್ಕೆ ಇನ್ನೊಂದು ಕಾರಣವಿದೆ. 2003ರಲ್ಲಿ ಬಂದ ಒಂದೇ ತಿದ್ದುಪಡಿ ಕಾಯ್ದೆ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು, ಗೋವಾದ ಕುಣಬಿಗಳನ್ನೂ ಸೇರಿಸಿತು. ಗಡಿಯ ಈಚೆ, ಜೋಯಿಡಾದ ಕುಣಬಿಗಳು ಮಾತ್ರ ಹೊರಗುಳಿದರು. ಅಂದಿನಿಂದ ಮನವಿ, ಧರಣಿ, ಪಾದಯಾತ್ರೆ ನಡೆದೇ ಇದೆ. ಹಾಗಾಗಿ ಜೊತೆಯಲ್ಲಿ ಓದಿದ ಸಿದ್ದಿ ಗೆಳೆಯನಿಗೊಂದು ಕಟ್‌ಆಫ್, ಗುಡ್ಡದಾಚೆ ಗೋವಾದಲ್ಲಿರುವ ನೆಂಟರ ಹುಡುಗನಿಗೊಂದು ಕಟ್‌ಆಫ್, ತನಗೆ ಇನ್ನೊಂದು. ಅವನು ಇದನ್ನು ದೂರಿನಂತೆ ಹೇಳುವುದಿಲ್ಲ. ಬಸ್ಸಿನ ವೇಳೆ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾನೆ. ನನಗೆ ಕೇಳಲು ಕಷ್ಟವಾದದ್ದು ಆ ಸಲೀಸುತನವೇ.

ಜೂನ್‌ನಲ್ಲಿ ಉಳವಿ ಬೇರೆಯೇ ಊರು. ಚಕ್ಕಡಿಗಳು ನಿಂತಿದ್ದ ಬಯಲಿನಲ್ಲಿ ಹುಲ್ಲು ಮೊಳಕಾಲೆತ್ತರ, ಕಾಲಿಟ್ಟಲ್ಲಿ ಉಂಬಳ. ಮಳೆ ಹಗಲು ರಾತ್ರಿ ಒಂದೇ ಶ್ರುತಿಯಲ್ಲಿ ಹೊಯ್ಯುತ್ತದೆ. ಮನೆಯ ಜಗುಲಿಯಲ್ಲಿ ಕಂಬಳಿಕೊಪ್ಪೆಗಳು ನೀರಿಳಿಸುತ್ತ ನೇತಾಡುತ್ತವೆ, ಒಳಗೆ ಒಲೆಯ ಮೇಲೆ ಗೆಡ್ಡೆ ಬೇಯುವ ಮಣ್ಣುಗಂಪು. ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರೂ ಮಲಗುತ್ತದೆ. ದೇಶದ ಪ್ರವೇಶಪಟ್ಟಿಗಳೆಲ್ಲ ಒಂದರ ಹಿಂದೊಂದು ಹೊರಬೀಳುವುದು ಸರಿಯಾಗಿ ಈ ವಾರಗಳಲ್ಲೇ.

ಈ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಾಕಿಕೊಂಡವರ ಕಾಯುವಿಕೆ ಮುಗಿದುಹೋಗಿರುತ್ತದೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ಒಳಗೆ ಉತ್ತರ ಕೊಡೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ. ಅವುಗಳಿಂದ ನೆರವಿನ ಆಫರ್ ಹಿಡಿದವರು ಆ ದಿನದವರೆಗೆ ಹೋಲಿಸಿ ನೋಡಬಹುದು. ನಮ್ಮಲ್ಲಿ ಅಂಥ ಒಂದೇ ದಿನಾಂಕವಿಲ್ಲ. ಸಿಯುಇಟಿ-ಪಿಜಿಯ ಅಂಕ ಒಂದೇ ಆದರೂ ಪ್ರತಿ ವಿಶ್ವವಿದ್ಯಾಲಯಕ್ಕೂ ಮತ್ತೆ ಬೇರೆ ನೋಂದಣಿ, ಬೇರೆ ಪಟ್ಟಿ. ಕೇಂದ್ರದವರು ಮೊದಲು ಕರೆಯುತ್ತಾರೆ, ರಾಜ್ಯದವರು ಪದವಿಯ ಕೊನೆಯ ಫಲಿತಾಂಶ ಬಂದ ಮೇಲೆ, ತಮ್ಮ ಬಿಡುವಿನಲ್ಲಿ.

ಶರಬತ್ತಿನ ಹುಡುಗನ ಮುಂದಿರುವ ತೊಡಕು ಅದೇ. ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅವನ ಹೆಸರಿದೆ. ಶುಲ್ಕ ತುಂಬಲು ಕೆಲವೇ ದಿನ. ಅವನಿಗೆ ಮನಸ್ಸಿರುವುದು ಕಾರವಾರದ ಕೋಡಿಬಾಗದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಅಲ್ಲಿ, ಧಾರವಾಡದ ಗುಡ್ಡದ ಮೇಲಲ್ಲ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರ್ ಹರಿದು, ಸೂಪಾದಲ್ಲಿ ಒಂದು ಊರನ್ನೇ ಮುಳುಗಿಸಿದ ಅಣೆಕಟ್ಟೆಯ ಹಿಂದೆ ನಿಂತು, ಮತ್ತೆ ಹೊರಟು, ಕೊನೆಗೆ ಕಡಲು ಸೇರುವುದು ಕೋಡಿಬಾಗದ ಪಕ್ಕದಲ್ಲೇ. ಆದರೆ ಅಲ್ಲಿನ ಕೌನ್ಸೆಲಿಂಗ್ ಯಾವಾಗ ಎಂಬುದು ಇನ್ನೂ ಪ್ರಕಟವಾಗಿಲ್ಲ. ಕೈಗೆ ಬಂದದ್ದನ್ನು ಬಿಟ್ಟು ಕಾದರೆ ವರ್ಷ ಹಾಳಾದೀತು, ಹಿಡಿದರೆ ದುಡ್ಡು ಹೋದೀತು.

ಸೈಬರ್ ಸೆಂಟರಿನ ಬೆಂಚಿನ ಮೇಲೆ ಅಪ್ಪನೂ ಕೂತಿದ್ದಾನೆ, ಮಡಚಿದ ಕೊಡೆಯಿಂದ ನೀರು ಇಳಿದು ಕಾಲಡಿ ಹಳ್ಳವಾಗಿದೆ. ಕೌಂಟರಿನ ಹಿಂದಿನವನು ಅರ್ಜಿ ತುಂಬುವುದರ ಜೊತೆಗೆ ತೀರ್ಪು ಕೊಡುವ ಕೆಲಸವನ್ನೂ ಮಾಡುತ್ತಾನೆ, ಇಂಥವರು ಎಲ್ಲ ತಾಲ್ಲೂಕು ಕೇಂದ್ರದಲ್ಲೂ ಇರುತ್ತಾರೆ. ಅವನು ಹೇಳುವುದೂ ಸುಳ್ಳಲ್ಲ: 2024-25ರ ಸಾಲಿಗೆ ಸೆಪ್ಟೆಂಬರ್ 30ರ ಒಳಗೆ ಸೀಟು ಬಿಟ್ಟವರಿಗೆ ಪೂರ್ತಿ ಶುಲ್ಕ ಹಿಂತಿರುಗಿಸಬೇಕೆಂದು ಯುಜಿಸಿ ಹೇಳಿತ್ತು, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಈ ಸಾಲಿನ ಸುತ್ತೋಲೆ ನೋಡಿಕೊಂಡು ಈಗ ಕಟ್ಟಿಡಿ, ಆಮೇಲೆ ಬೇಡವೆಂದರೆ ಬಿಡಿ. ಅಪ್ಪ ಎರಡು ಸಲ ಕೇಳುತ್ತಾನೆ, ಪೂರ್ತಿ ಅಂದರೆ ಪೂರ್ತಿಯಾ ಎಂದು. ಹಿಂದಿರುಗಿ ಬರುವ ದುಡ್ಡಾದರೂ ಇಂದು ಎಲ್ಲಿಂದಲೋ ತರಬೇಕಲ್ಲ. ಸ್ವಸಹಾಯ ಸಂಘದ ಲೆಕ್ಕ, ಗೆಡ್ಡೆ ಮಾರಿದ ಬಾಕಿ, ಅಡಿಕೆ ತೋಟದ ಕೂಲಿ ಎಲ್ಲವೂ ಆ ಬೆಂಚಿನ ಮೇಲೆ ಒಂದು ಸುತ್ತು ಬಂದು ಹೋಗುತ್ತವೆ.

“ಕಡಗಂಚಿ ಎಷ್ಟು ದೂರ?”

“ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಲಬುರಗಿ, ಅಪ್ಪಾ.”

“ಅಲ್ಲಿ ಮೀನು ಸಿಗ್ತದಾ?”

ಹುಡುಗ ನಗುತ್ತಾನೆ, ಕೌಂಟರಿನವನೂ ನಗುತ್ತಾನೆ.

“ಕೋಡಿಬಾಗದಲ್ಲಿ ಓದೋದೇ ಮೀನಿನ ಮೇಲೆ, ಅಪ್ಪಾ.”

“ಹಾಗಾದ್ರೆ ಇದಕ್ಕೆ ಈಗ ದುಡ್ಡು ಕಟ್ಟು,” ಎನ್ನುತ್ತ ಅಪ್ಪ ಅಂಗಿಯೊಳಗಿನ ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟುಗಳನ್ನು ತೆಗೆದ. “ಅದು ಕರೆದಾಗ ಅಲ್ಲಿಗೆ ಹೋಗು.”