ಸಣ್ಣ ಕರುಳಿನ ಒಳಮೈ

ಕರುಳಿಗೆ ನಮ್ಮ ಭಾಷೆ ಮಮತೆಯ ಕೆಲಸವನ್ನು ವಹಿಸಿದೆ. ಹೆತ್ತ ಮಗುವನ್ನು ಕರುಳಿನ ಕುಡಿ ಎನ್ನುತ್ತೇವೆ. ಅನ್ಯರ ಕಷ್ಟ ಕಂಡಾಗ ಕರುಳು ಚುರುಕ್ಕೆಂದಿತು ಎನ್ನುತ್ತೇವೆ. ಶರೀರಶಾಸ್ತ್ರವು ಬಲ್ಲ ಕರುಳಿನ ಕೆಲಸ ಬೇರೆ. ನೀವು ಉಂಡ ಅನ್ನ ಜಠರದಲ್ಲಿರುವ ತನಕ ಇನ್ನೂ ನಿಮ್ಮದಾಗಿಲ್ಲ. ಸಣ್ಣ ಕರುಳಿನ ಗೋಡೆಯನ್ನು ದಾಟಿ ಒಳಸೇರಿದ ಮೇಲೆಯೇ ಅದು ನಿಮ್ಮದು. ಹಾಗಾದರೆ ಆ ಗೋಡೆ ಎಂಥದು?

ಸಣ್ಣ ಎಂಬ ಮಾತು ಅಗಲಕ್ಕೆ ಸಲ್ಲುತ್ತದೆಯೇ ಹೊರತು ಉದ್ದಕ್ಕಲ್ಲ. ಶವಪರೀಕ್ಷೆಯಲ್ಲಿ ಈ ಕೊಳವೆ ಸುಮಾರು 6 ಮೀಟರ್ ಉದ್ದವಿರುತ್ತದೆ. ಬದುಕಿರುವವರಲ್ಲಿ ಸ್ನಾಯುಗಳು ಬಿಗಿದುಕೊಂಡಿರುವುದರಿಂದ ಇದಕ್ಕಿಂತ ಸಾಕಷ್ಟು ಗಿಡ್ಡ. ಇದರ ಮೊದಲ ಗೇಣನ್ನು ಡುಯೋಡಿನಮ್ ಎನ್ನುತ್ತಾರೆ. ಹನ್ನೆರಡು ಬೆರಳಿನ ಅಗಲದಷ್ಟು ಉದ್ದವೆಂದು ಪ್ರಾಚೀನ ಅಲೆಗ್ಸಾಂಡ್ರಿಯದ ಹೆರೋಫಿಲಸ್ ಇಟ್ಟ ಹೆಸರು ಅದು. ಬೆರಳಿನಲ್ಲಿ ಅಳೆಯುವ ರೂಢಿ ನಮಗೂ ಹೊಸದಲ್ಲವಷ್ಟೆ! ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಇಲ್ಲಿ ಬಂದು ಬೀಳುತ್ತವೆ. ಮುಂದಿನದು ಜೆಜುನಮ್, ಕೊನೆಯದು ಇಲಿಯಮ್. ಇವೆರಡರ ನಡುವೆ ಇಲ್ಲಿಯೇ ಎಂದು ಗೆರೆ ಎಳೆದು ತೋರಿಸುವಂತಿಲ್ಲ.

ಗೋಡೆಯ ಹೊರಪದರಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಉದ್ದುದ್ದವಾಗಿ ಒಂದು, ಬಳೆಯಂತೆ ಸುತ್ತುವರಿದು ಇನ್ನೊಂದು, ಹೀಗೆ ಎರಡು ಸ್ನಾಯುಪದರಗಳು ಅನ್ನರಸವನ್ನು ಕಲಕುತ್ತ ಮುಂದೆ ನೂಕುತ್ತವೆ. ಸೋಜಿಗವೆಲ್ಲ ಇರುವುದು ಒಳಮೈಯಲ್ಲಿ. ಕರುಳನ್ನು ಸೀಳಿ ಬಿಡಿಸಿದರೆ ಅಡ್ಡಡ್ಡಲಾಗಿ ನೆರಿಗೆಗಳು ಬರಿಗಣ್ಣಿಗೇ ಕಾಣುತ್ತವೆ. ನೆರಿಗೆಯ ಮೇಲೆ ಬೆರಳಾಡಿಸಿದರೆ ಮಖಮಲ್ಲಿನ ಸ್ಪರ್ಶ. ಒಂದು ಮಿಲಿಮೀಟರನ್ನು ಮೀರದ ಅಸಂಖ್ಯ ಕುಚ್ಚುಗಳು ಒತ್ತೊತ್ತಾಗಿ ನಿಂತಿರುವುದೇ ಇದಕ್ಕೆ ಕಾರಣ. ಇವಕ್ಕೆ ವಿಲ್ಲೈ ಎಂದು ಹೆಸರು. ಇನ್ನು ಸೂಕ್ಷ್ಮದರ್ಶಕವನ್ನು ತನ್ನಿ. ಪ್ರತಿಯೊಂದು ಕುಚ್ಚಿಗೂ ಒಂದೇ ಸಾಲು ಜೀವಕೋಶಗಳ ಹೊದಿಕೆ. ಆ ಕೋಶಗಳ ಅಂಚಿನಲ್ಲಿ ಕುಂಚದ ಕೂದಲಿನಂಥ ಗೀರುಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ, 1950ರ ಸುಮಾರಿನಲ್ಲಿ, ಆ ಗೀರುಗಳು ಒಂದೊಂದು ಕೋಶಕ್ಕೂ ಸಾವಿರಗಟ್ಟಲೆ ಇರುವ ಇನ್ನೂ ಕಿರಿದಾದ ಕುಚ್ಚುಗಳೆಂದು ಗೊತ್ತಾಯಿತು.

ನೆರಿಗೆಯ ಮೇಲೆ ಕುಚ್ಚು, ಕುಚ್ಚಿನ ಮೇಲೆ ಮರಿಕುಚ್ಚು! ನುಣುಪಾದ ಕೊಳವೆಯಾಗಿದ್ದರೆ ಅರ್ಧ ಚದರ ಮೀಟರನ್ನು ಮೀರದಿದ್ದ ಒಳಮೈ ಇದರಿಂದ ಎಷ್ಟು ಹಿಗ್ಗಿದೆ? ಟೆನ್ನಿಸ್ ಅಂಗಳದಷ್ಟು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಹೋಲಿಕೆ ಸೊಗಸಾಗಿತ್ತು, ಲೆಕ್ಕ ಸಡಿಲವಾಗಿತ್ತು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಹೊಸದಾಗಿ ಅಳೆದು ಸುಮಾರು 30 ಚದರ ಮೀಟರ್ ಎಂದರು. ಎಂದರೆ ಇಪ್ಪತ್ತಡಿ ಉದ್ದ, ಹದಿನಾರಡಿ ಅಗಲದ ಒಂದು ನಡುಮನೆ. ಅದೂ ಹೊಟ್ಟೆಯೊಳಗೆ!

ಕುಚ್ಚಿನ ಒಳಗೆ ಎರಡು ದಾರಿಗಳಿವೆ. ಸಕ್ಕರೆಯೂ ಸಸಾರಜನಕದ ತುಣುಕುಗಳೂ ಕೂದಲಿಗಿಂತ ತೆಳುವಾದ ರಕ್ತನಾಳಗಳನ್ನು ಸೇರಿ ಯಕೃತ್ತಿಗೆ ಹೋಗುತ್ತವೆ. ಜಿಡ್ಡಿನ ಬಹುಪಾಲು ನಡುವಿನ ಇನ್ನೊಂದು ನಾಳವನ್ನು ಹಿಡಿಯುತ್ತದೆ. ಈ ಎರಡನೆಯ ದಾರಿಯ ಸುಳಿವು ದೊರೆತದ್ದು 1622ರಲ್ಲಿ. ಇಟಲಿಯ ಗಾಸ್ಪಾರೊ ಅಸೆಲ್ಲಿ ಹೊಟ್ಟೆ ತುಂಬ ಉಂಡಿದ್ದ ನಾಯಿಯೊಂದರ ಉದರವನ್ನು ಸೀಳಿ ನೋಡುತ್ತಿದ್ದಾಗ ಬಿಳಿಯ ಎಳೆಗಳು ಕಂಡವು. ನರಗಳಿರಬೇಕೆಂದು ಬಗೆದು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಚಿಮ್ಮಿತು.

ಕುಚ್ಚುಗಳ ಬುಡದಲ್ಲಿ ಸಣ್ಣ ಕುಳಿಗಳಿವೆ. ಹೊಸ ಜೀವಕೋಶಗಳು ಅಲ್ಲಿ ಹುಟ್ಟಿ, ಮೆಲ್ಲನೆ ಮೇಲೇರಿ, ಮೂರು ನಾಲ್ಕು ದಿನಗಳಲ್ಲಿ ತುದಿ ಮುಟ್ಟಿ ಉದುರುತ್ತವೆ. ಈ ಭಾನುವಾರ ನಿಮ್ಮ ಊಟವನ್ನು ಹೀರಿದ ಕೋಶ ಬರುವ ಭಾನುವಾರಕ್ಕೆ ಇರುವುದಿಲ್ಲ. ಕುಳಿಯ ಕೋಶಗಳು ಮುಖ್ಯವಾಗಿ ನೀರನ್ನು ಒಸರುತ್ತವೆ. ಕುಚ್ಚಿನ ಕೋಶಗಳು ಹೀರುತ್ತವೆ. ಇದನ್ನು ನೆನಪಿನಲ್ಲಿಡಿ.

ಕಾಲರಾ ರೋಗಾಣು ಕರುಳಿನೊಳಗೆ ಒಂದು ವಿಷವನ್ನು ಬಿಡುತ್ತದೆಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಆ ವಿಷ ತಗುಲಿತೆಂದರೆ ಒಸರು ಹೊಳೆಯಾಗುತ್ತದೆ. ರೋಗಿ ನೀರಿಲ್ಲದೆ ಸಾಯುತ್ತಾನೆ. ಆದರೆ ಕುಚ್ಚಿನ ಒಂದು ಬಾಗಿಲು ಆಗಲೂ ಮುಚ್ಚಿರುವುದಿಲ್ಲ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಅದು ಎರಡನ್ನೂ ಒಳಬಿಡುತ್ತದೆ; ನೀರು ಅವುಗಳ ಬೆನ್ನಿಗೇ ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ತೀರುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ನಂಬಿದ್ದು ಈ ಬಾಗಿಲನ್ನೇ. ಉಪ್ಪು-ಸಕ್ಕರೆಯ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ನಿಮ್ಮ ಮನೆಯಲ್ಲಿ ಮಗುವಿಗೆ ಭೇದಿಯಾದಾಗ ಔಷಧದ ಅಂಗಡಿಯ ಓ.ಆರ್.ಎಸ್. ಪೊಟ್ಟಣವೇ ಲೇಸು. ಅದು ಸಿಕ್ಕದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಕೈಯಳತೆ ಬೇಡ. ಸಕ್ಕರೆ ಹೆಚ್ಚಾದರೆ ನೀರು ತಿರುಗಿ ಕರುಳಿನೊಳಕ್ಕೇ ಬರುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಗುಟುಕು ಗುಟುಕಾಗಿ ಕುಡಿಸುತ್ತಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಿ. ಕಣ್ಣು ಗುಳಿಬಿದ್ದು ಮಗು ಮಂಕಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಒಯ್ಯಿರಿ; ದಾರಿಯಲ್ಲಿಯೂ ಕುಡಿಸುತ್ತಿರಿ.