ಉತ್ತರ ಹೇಳದೆ ಕಲಿಸುವ ಸೀನಿಯರ್

ಎಂಟು ಹತ್ತು ಮಂದಿ ಹೊಸ ವಿದ್ಯಾರ್ಥಿಗಳು ಸಣ್ಣ ಕೊಠಡಿಯೊಂದರಲ್ಲಿ ಡೆಸ್ಕುಗಳನ್ನು ಒತ್ತಟ್ಟಿಗೆ ಎಳೆದುಕೊಂಡು ಕೂತಿದ್ದಾರೆ. ಬೆಳಗಿನ ಪಾಠದಲ್ಲಿ ತನಗೆ ತಿಳಿಯದೆ ಉಳಿದದ್ದನ್ನು ಒಬ್ಬ ಕೇಳುತ್ತಾನೆ. ಅವರ ನಡುವೆ ಕೂತಿರುವ ಎರಡನೇ ವರ್ಷದ ಹುಡುಗಿಗೆ ಉತ್ತರ ಚೆನ್ನಾಗಿ ಗೊತ್ತು. ಕಳೆದ ವರ್ಷ ಇದೇ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದವಳು ಆಕೆ. ಆದರೂ ಉತ್ತರ ಹೇಳುವುದಿಲ್ಲ. ‘ಇದು ಯಾರ ನೋಟ್ಸಿನಲ್ಲಿದೆ? ಪ್ರೊಫೆಸರ್ ಏನು ಹೇಳಿದ್ದರು?’ ಎಂದು ಉಳಿದವರ ಕಡೆ ತಿರುಗುತ್ತಾಳೆ. ಯಾರೂ ಬಾಯಿ ಬಿಡದಿದ್ದರೆ ಸುಮ್ಮನೆ ಕಾಯುತ್ತಾಳೆ.

ನಾಲಗೆಯ ತುದಿಗೆ ಬಂದ ಉತ್ತರವನ್ನು ತಡೆಹಿಡಿದು, ಕಿರಿಯರೇ ಅದನ್ನು ಹುಡುಕಿಕೊಳ್ಳುವಂತೆ ಮಾಡುವ ಈ ಕೆಲಸವನ್ನು ಇಂದು ಹಲವು ದೇಶಗಳ ವಿಶ್ವವಿದ್ಯಾಲಯಗಳು ತರಬೇತಿ ಕೊಟ್ಟು ಕಲಿಸುತ್ತವೆ. ಪದ್ಧತಿಯ ಮೂಲ ಹೆಸರು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಚಿಕ್ಕದಾಗಿ ಎಸ್‌ಐ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹೆಚ್ಚಾಗಿ ಪಾಸ್ ಎನ್ನುತ್ತಾರೆ. ಮೊದಲ ವರ್ಷದಲ್ಲೇ ಎಡವಿ ಓದು ಬಿಟ್ಟುಹೋಗುವ ಮಕ್ಕಳನ್ನು ಉಳಿಸಿಕೊಳ್ಳಲು ಹುಟ್ಟಿದ ಪದ್ಧತಿ ಇದು. ನಮ್ಮ ಕಾಲೇಜುಗಳು ಇದರ ಕಡೆ ನೋಡಬೇಕಾದಷ್ಟು ನೋಡಿಲ್ಲ ಎಂಬ ಕೊರಗು ನನ್ನದು.

ಇದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಅಲ್ಲಿನ ಖಾಸಗಿ ವಿಶ್ವವಿದ್ಯಾಲಯವೊಂದು 1963ರಲ್ಲಿ ಮಿಸ್ಸೂರಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿತು. ಬಾಗಿಲು ಅಗಲವಾಯಿತು, ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಳಗೆ ಬಂದರು. ಆದರೆ ಬಂದವರಲ್ಲಿ ಬಹಳ ಮಂದಿ ಪದವಿ ಮುಗಿಸದೆ ಹೊರಟುಹೋಗುತ್ತಿದ್ದರು. ವೈದ್ಯಕೀಯ, ದಂತವೈದ್ಯಕೀಯ ಮತ್ತು ಫಾರ್ಮಸಿ ಓದುತ್ತಿದ್ದವರ ಪಾಡು ಇನ್ನೂ ಕಷ್ಟವಾಗಿತ್ತು. ಇದಕ್ಕೊಂದು ದಾರಿ ಹುಡುಕಿ ಎಂದು ಡಿಯಾನಾ ಮಾರ್ಟಿನ್ ಎಂಬುವರಿಗೆ ಕೆಲಸ ಒಪ್ಪಿಸಿದರು. ಕೈಗೆ ಸಿಕ್ಕ ಅನುದಾನ ಸುಮಾರು 7,000 ಡಾಲರ್. 1973ರಲ್ಲಿ ಅವರು ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ದಂತವೈದ್ಯಕೀಯ ವಿದ್ಯಾರ್ಥಿಗಳ ಅನಾಟಮಿ.

ಮಾರ್ಟಿನ್ ಅವರ ಮೊದಲ ತೀರ್ಮಾನವೇ ಉಳಿದೆಲ್ಲಕ್ಕೂ ತಳಹದಿ. ‘ಯಾವ ವಿದ್ಯಾರ್ಥಿ ದಡ್ಡ?’ ಎಂದು ಅವರು ಕೇಳಲಿಲ್ಲ, ‘ಯಾವ ವಿಷಯ ಕಠಿಣ?’ ಎಂದು ಕೇಳಿದರು. ನೂರರಲ್ಲಿ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ತೀರ ಕಡಿಮೆ ಅಂಕ ಪಡೆಯುವ, ಫೇಲಾಗುವ ಇಲ್ಲವೇ ನಡುವೆ ಬಿಟ್ಟುಹೋಗುವ ವಿಷಯವನ್ನು ಕಠಿಣ ವಿಷಯ ಎಂದು ಗುರುತಿಸಿ, ನೆರವನ್ನು ಆ ವಿಷಯಕ್ಕೆ ಜೋಡಿಸಿದರು. ಆ ತರಗತಿಯಲ್ಲಿ ಕೂರುವ ಯಾರು ಬೇಕಾದರೂ ಬರಬಹುದು, ರ‍್ಯಾಂಕ್ ಬರುವವರೂ ಬರಬಹುದು. ಬರಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ನಮ್ಮಲ್ಲಿ ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ರೆಮಿಡಿಯಲ್ ಕ್ಲಾಸಿಗೆ ಬರಬೇಕಾದವರ ಹೆಸರು ನೋಟಿಸ್ ಬೋರ್ಡಿಗೆ ಬೀಳುವುದನ್ನು ಕಂಡವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಹೆಸರು ಬಿದ್ದ ಹುಡುಗ ಆ ಕ್ಲಾಸಿಗೆ ಬರುವುದೇ ತಲೆ ತಗ್ಗಿಸಿಕೊಂಡು.

ಎಸ್‌ಐ ನಡೆಸುವ ಹಿರಿಯ ವಿದ್ಯಾರ್ಥಿಗೆ ಲೀಡರ್ ಎಂದು ಹೆಸರು. ಆತ ಆ ವಿಷಯವನ್ನು ಈಗಾಗಲೇ ಚೆನ್ನಾಗಿ ಪಾಸು ಮಾಡಿರಬೇಕು. ಆದರೂ ಹೊಸಬರ ಜೊತೆ ಮತ್ತೊಮ್ಮೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳುತ್ತಾನೆ, ನೋಟ್ಸ್ ಬರೆದುಕೊಳ್ಳುತ್ತಾನೆ. ಆಮೇಲೆ ವಾರಕ್ಕೆ ಎರಡು ಮೂರು ಸಲ ಸುಮಾರು ಒಂದೊಂದು ಗಂಟೆಯ ಬೈಠಕ್ಕು. ಸೆಮಿಸ್ಟರ್ ಶುರುವಾಗುವ ಮೊದಲೇ ಅವನಿಗೆ ತರಬೇತಿ ಆಗಿರುತ್ತದೆ. ಮೇಲ್ವಿಚಾರಕರೊಬ್ಬರು ಆಗಾಗ ಬಂದು ಹಿಂದೆ ಕೂತು ನೋಡಿ, ಎಲ್ಲಿ ಸರಿಹೋಯಿತು, ಎಲ್ಲಿ ಇಲ್ಲ ಎಂದು ತಿದ್ದುತ್ತಾರೆ. ಕೆಲಸಕ್ಕೆ ಸಂಬಳವೂ ಉಂಟು. ಅಂಕ ಕೊಡುವ ಅಧಿಕಾರ ಮಾತ್ರ ಅವನಿಗಿಲ್ಲ, ಇರಲೂಬಾರದು. ಅಂಕ ಕೊಡುವವರ ಎದುರು ‘ನನಗಿದು ಗೊತ್ತಿಲ್ಲ’ ಎಂದು ಯಾವ ಹೊಸ ವಿದ್ಯಾರ್ಥಿ ಬಾಯಿ ಬಿಡುತ್ತಾನೆ?

ಒಂದು ಗಣಿತದ ಬೈಠಕ್ಕನ್ನು ನೋಡೋಣ. ಶಂಕುವಿನಾಕಾರದ ತೊಟ್ಟಿಯೊಂದಕ್ಕೆ ನಿಮಿಷಕ್ಕೆ ಇಷ್ಟು ನೀರು ಬೀಳುತ್ತಿದೆ. ನೀರು ಇಂಥ ಎತ್ತರಕ್ಕೆ ಬಂದಾಗ ಮಟ್ಟ ಎಷ್ಟು ವೇಗದಲ್ಲಿ ಏರುತ್ತಿರುತ್ತದೆ? ಕ್ಯಾಲ್ಕುಲಸ್ ಓದಿದವರಿಗೆಲ್ಲ ಒಮ್ಮೆಯಾದರೂ ಎದುರಾಗಿರುವ ಲೆಕ್ಕ. ಎಸ್‌ಐ ಲೀಡರುಗಳಿಗೆ ಇಂಥ ಲೆಕ್ಕಕ್ಕೆ ಬೋರ್ಡನ್ನು ನಾಲ್ಕು ಭಾಗ ಮಾಡಲು ಕಲಿಸಿರುತ್ತಾರೆ. ಮೊದಲ ಭಾಗದಲ್ಲಿ ಲೆಕ್ಕಕ್ಕೆ ಕೈ ಹಾಕುವ ಮುನ್ನ ಗೊತ್ತಿರಬೇಕಾದದ್ದು: ಶಂಕುವಿನ ಘನಫಲದ ಸೂತ್ರ, ಸಮರೂಪ ತ್ರಿಭುಜಗಳ ನಿಯಮ. ಎರಡನೆಯದರಲ್ಲಿ ಲೆಕ್ಕದ ಹಂತಗಳು. ಮೂರನೆಯದರಲ್ಲಿ ಅದೇ ಹಂತಗಳು ಮಾತಿನಲ್ಲಿ: ‘ತ್ರಿಜ್ಯವನ್ನು ಎತ್ತರದ ಲೆಕ್ಕಕ್ಕೆ ತಂದುಕೊಂಡೆವು, ಏಕೆಂದರೆ ನಮಗೆ ಬೇಕಿರುವುದು ಎತ್ತರದ ವೇಗ.’ ನಾಲ್ಕನೆಯದರಲ್ಲಿ ಇದೇ ಜಾತಿಯ ಇನ್ನೊಂದು ಲೆಕ್ಕ. ಸೀಮೆಸುಣ್ಣ ಇರುವುದು ಹೊಸಬರ ಕೈಯಲ್ಲಿ. ಹೆಚ್ಚಿನವರು ಎಡವುವುದು ಎಲ್ಲಿ ಎಂದು ಲೀಡರಿಗೆ ಗೊತ್ತು: ಕೊಟ್ಟಿರುವ ಎತ್ತರವನ್ನು ಅವಕಲನ ಮಾಡುವುದಕ್ಕೆ ಮೊದಲೇ ಸೂತ್ರಕ್ಕೆ ಹಾಕಿಬಿಡುತ್ತಾರೆ, ಬದಲಾಗಬೇಕಾದ ಎತ್ತರ ಅಲ್ಲೇ ನಿಂತುಹೋಗುತ್ತದೆ. ತಾನೂ ಕಳೆದ ವರ್ಷ ಅಲ್ಲೇ ಸಿಕ್ಕಿಕೊಂಡವನಾದ್ದರಿಂದ ‘ಎತ್ತರ ಈಗ ಬದಲಾಗುತ್ತಿದೆಯೋ, ನಿಂತಿದೆಯೋ?’ ಎಂದಷ್ಟೇ ಕೇಳುತ್ತಾನೆ.

ಈ ಪದ್ಧತಿಯ ಶಕ್ತಿ ಇರುವುದು ಇಲ್ಲಿ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಆ ಲೆಕ್ಕದಲ್ಲಿ ಕಷ್ಟವೇ ಕಾಣುವುದಿಲ್ಲ. ಅದು ಅವರ ತಪ್ಪಲ್ಲ, ಚೆನ್ನಾಗಿ ಕಲಿತದ್ದರ ಫಲ. ನಾವು ನಡೆಯಲು ಕಲಿತದ್ದು ಹೇಗೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಕಳೆದ ವರ್ಷವಷ್ಟೇ ಕಲಿತವನಿಗೆ ಆ ನೆನಪು ಇನ್ನೂ ಹಸಿಯಾಗಿದೆ. ಹಾಗೆಂದು ಅವನು ಪ್ರೊಫೆಸರರ ಜಾಗಕ್ಕೆ ಬರುವವನಲ್ಲ. ಬೋರ್ಡಿನ ಮುಂದೆ ನಿಂತು ಇನ್ನೊಂದು ಪಾಠ ಶುರುಮಾಡಿದನೋ, ಬೈಠಕ್ಕು ಕೆಟ್ಟಿತೆಂದೇ ಲೆಕ್ಕ. ಹೊಸ ಲೀಡರುಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಬಾಯಿ ಮುಚ್ಚಿ ಕೂರುವುದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳೇ ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ತೋರಿಸಿದ್ದರು. ಎಸ್‌ಐ ತರಬೇತಿಯಲ್ಲಿ ಈ ಕಾಯುವಿಕೆಗೂ ಪಾಲುಂಟು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧಕರನ್ನು ಬೇರೊಂದು ಪ್ರಶ್ನೆ ಕಾಡುತ್ತಿತ್ತು. ಶಾಲೆಯಲ್ಲಿ ಚೆನ್ನಾಗಿ ಓದಿ ಬಂದ ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಯಾಕೆ ಸೋಲುತ್ತಾರೆ? ಬಡತನ, ಮನೆಯ ವಾತಾವರಣ, ಆಸಕ್ತಿ ಸಾಲದು ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಟ್ರೈಸ್‌ಮನ್ ಊಹೆಗಳನ್ನು ಬದಿಗಿಟ್ಟು ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರು ಓದುವ ಜಾಗಕ್ಕೇ ಹೋಗಿ ತಿಂಗಳುಗಟ್ಟಲೆ ಗಮನಿಸಿದರು. ಕಪ್ಪು ಮಕ್ಕಳಲ್ಲಿ ಶ್ರಮಕ್ಕೆ ಕೊರತೆ ಇರಲಿಲ್ಲ. ಪ್ರೊಫೆಸರ್ ಹೇಳಿದಷ್ಟು ಹೊತ್ತು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಕೂತು. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ಹೋಲಿಸುತ್ತಿದ್ದರು, ವಾದ ಮಾಡುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಇಡೀ ಗುಂಪಿಗೇ ಬಗೆಹರಿಯದ ಲೆಕ್ಕವಾದರೆ ಅದು ನಿಜಕ್ಕೂ ಕಷ್ಟದ್ದೆಂದು ಅವರಿಗೆ ತಿಳಿಯುತ್ತಿತ್ತು. ಒಬ್ಬಂಟಿಯಾಗಿ ಓದುವವನಿಗೆ ಮಾತ್ರ ತನ್ನ ತಲೆಯೇ ಸರಿಯಿಲ್ಲ ಎನಿಸುತ್ತಿತ್ತು. ಈ ಅರಿವಿನಿಂದ ಟ್ರೈಸ್‌ಮನ್ 1970ರ ದಶಕದ ಕೊನೆಯಲ್ಲಿ ಕಟ್ಟಿದ ಗಣಿತ ಕಾರ್ಯಾಗಾರದಲ್ಲಿ ಸುಲಭ ಲೆಕ್ಕಗಳಿಗೆ ಜಾಗವಿರಲಿಲ್ಲ. ಕಠಿಣ ಲೆಕ್ಕಗಳನ್ನೇ ಕೊಟ್ಟು, ಒಟ್ಟಿಗೆ ಕೂರಿಸಿದರು. ಫಲಿತಾಂಶ ಬದಲಾಯಿತು. ಕನಿಕರದಿಂದ ಮಟ್ಟ ಇಳಿಸುವುದು ನೆರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಕಲಿಸುವುದು ನಮ್ಮ ನೆಲಕ್ಕೆ ಹೊಸತಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯ 533 ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಬರೆದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ, ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿ ಮಾಡಿಕೊಳ್ಳುವುದನ್ನೂ ಅದರಲ್ಲಿ ಮೆಚ್ಚಿಕೊಂಡಿದ್ದಾರೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದಿದ್ದಾರೆ. ಆ ಅನುಕರಣೆಯ ಹಿಂದಿದ್ದವರು ಆಂಡ್ರ್ಯೂ ಬೆಲ್. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಈ ಪಾದ್ರಿ ಇಲ್ಲಿನ ಜಗುಲಿ ಶಾಲೆಯ ರೀತಿಯನ್ನು ನೋಡಿ, ಬ್ರಿಟನ್ನಿಗೆ ಮರಳಿದ ಮೇಲೆ 1797ರಲ್ಲಿ ಪುಸ್ತಕ ಬರೆದು ಅದನ್ನು ಹರಡಿದರು. ಅಲ್ಲಿ ಅದಕ್ಕೆ ‘ಮದರಾಸು ಪದ್ಧತಿ’ ಎಂದೇ ಹೆಸರು. ಆದರೆ ಅಲ್ಲಿ ಅದು ಕಡಿಮೆ ಖರ್ಚಿನಲ್ಲಿ ನೂರಾರು ಮಕ್ಕಳಿಂದ ಗಿಳಿಪಾಠ ಒಪ್ಪಿಸಿಕೊಳ್ಳುವ ಯಂತ್ರವಾಯಿತು. ಹಿರಿಯ ಹುಡುಗ ಹೇಳಿದ್ದನ್ನು ಕಿರಿಯರು ತಿರುಗಿ ಹೇಳಬೇಕಿತ್ತು. ಎಸ್‌ಐಯಲ್ಲಿ ಹಿರಿಯ ಹೇಳುವುದಿಲ್ಲ, ಕೇಳುತ್ತಾನೆ.

ಅಮೆರಿಕದ ಶಿಕ್ಷಣ ಇಲಾಖೆ 1981ರಲ್ಲಿ ಎಸ್‌ಐಯನ್ನು ಮಾದರಿ ಕಾರ್ಯಕ್ರಮವೆಂದು ಮಾನ್ಯ ಮಾಡಿತು. 1990ರ ದಶಕದಲ್ಲಿ ಅದು ಬ್ರಿಟನ್, ಸ್ವೀಡನ್, ಆಸ್ಟ್ರೇಲಿಯಾಗಳಿಗೆ ಹೋಯಿತು. ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್ ವಿಶ್ವವಿದ್ಯಾಲಯದಲ್ಲಿ ಅದು ಬೇರೂರಿದ್ದು ನಮಗೆ ಹೆಚ್ಚು ಹತ್ತಿರದ ಸಂಗತಿ. ವರ್ಣಭೇದ ಮುಗಿಯುತ್ತಿದ್ದ ಕಾಲ ಅದು. ಮನೆಯಲ್ಲಿ ಒಂದು ಭಾಷೆ, ಪಾಠದಲ್ಲಿ ಇನ್ನೊಂದು ಭಾಷೆ ಇರುವ, ಮನೆತನದಲ್ಲೇ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಕ್ಕಳು ಬರುತ್ತಿದ್ದರು.

ಪದ್ಧತಿಯನ್ನು ಕಣ್ಣು ಮುಚ್ಚಿ ಹೊಗಳುವಂತಿಲ್ಲ. 2001ರಿಂದ 2010ರವರೆಗಿನ 29 ಅಧ್ಯಯನಗಳನ್ನು ಒರೆಗೆ ಹಚ್ಚಿದ ವಿಮರ್ಶೆಯೊಂದು 2014ರಲ್ಲಿ ಪ್ರಕಟವಾಯಿತು. ಬೈಠಕ್ಕುಗಳಿಗೆ ಬಂದವರ ಸರಾಸರಿ ಅಂಕ ಹೆಚ್ಚು, ಫೇಲಾಗುವುದು ಮತ್ತು ಬಿಟ್ಟುಹೋಗುವುದು ಕಡಿಮೆ ಎಂದು ಅದು ಹೇಳಿತು. ಆದರೆ ಬರುವುದು ಇಷ್ಟಕ್ಕೆ ಬಿಟ್ಟದ್ದಾದ್ದರಿಂದ, ಮೊದಲೇ ಹುಮ್ಮಸ್ಸು ಇದ್ದವರೇ ಬಂದು ಸರಾಸರಿಯನ್ನು ಮೇಲೆತ್ತಿರಬಹುದು. ಈ ಅನುಮಾನವನ್ನು ಪೂರ್ತಿ ತೊಡೆಯುವುದು ಕಷ್ಟ. ಹಾಗಿದ್ದರೂ ಇಷ್ಟು ದೇಶಗಳಲ್ಲಿ, ಇಷ್ಟು ಬೇರೆ ಬೇರೆ ವಿಷಯಗಳಲ್ಲಿ ಫಲ ಒಂದೇ ದಿಕ್ಕಿಗೆ ವಾಲಿರುವುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಇನ್ನು ನಮ್ಮ ವಿಚಾರ. ಹೊಸಬರನ್ನು ಬರಮಾಡಿಕೊಳ್ಳುವುದರಲ್ಲಿ ಇತ್ತೀಚೆಗೆ ನಾವು ಹಿಂದೆ ಬಿದ್ದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ತಂದಿತು. 2019ರಲ್ಲಿ ಯುಜಿಸಿಯ ‘ದೀಕ್ಷಾರಂಭ’ ಬಂತು. ಅದೇ ವರ್ಷ ಎಂಬಿಬಿಎಸ್‌ಗೆ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಬಂತು. ಮಾನ್ಯತೆಯ ಲೆಕ್ಕಕ್ಕೆ ನ್ಯಾಕ್ ಮಂದಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳೆಂದು ಕೇಳುತ್ತ ಬಂದಿದ್ದಾರೆ. ಇವೆಲ್ಲ ಒಳ್ಳೆಯವೇ. ಆದರೆ ಇಂಡಕ್ಷನ್ ಮುಗಿಯುವುದು ಕಷ್ಟ ಶುರುವಾಗುವ ಹೊತ್ತಿಗೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯನ್ನು ಹೇಗೋ ಈಜಿ ಬಂದ ಹುಡುಗಿಗೆ ಎಂಜಿನಿಯರಿಂಗಿನ ಮೊದಲ ಗಣಿತ ಪೇಪರು ‘ಎಂ-ಒನ್’ ಬಿಸಿ ಮುಟ್ಟಿಸುವುದು ಐದನೆಯದೋ ಆರನೆಯದೋ ವಾರದಲ್ಲಿ. ಆಗ ಅವಳ ಮೆಂಟರ್ ಆಗಿರುವ ಲೆಕ್ಚರರ್ ಬಳಿ ಹೋಗಿ ‘ಸರ್, ನನಗೆ ಒಂದೂ ತಿಳಿಯುತ್ತಿಲ್ಲ’ ಎನ್ನಲು ನಾಲಗೆ ಏಳುವುದಿಲ್ಲ. ಹಾಸ್ಟೆಲಿನ ಅಕ್ಕನ ಹತ್ತಿರ ಹೇಳುತ್ತಾಳೆ. ಆ ಅಕ್ಕ ಕನ್ನಡದಲ್ಲೇ ಬಿಡಿಸಿ ಹೇಳಿ ಒಂದು ಪಾಸಿಂಗ್ ಪ್ಯಾಕೇಜ್ ಕೈಗಿಡುತ್ತಾಳೆ. ಪರೀಕ್ಷೆಯ ಹಿಂದಿನ ರಾತ್ರಿಯ ಕಂಬೈನ್ಡ್ ಸ್ಟಡಿಯಲ್ಲಿ ಎಷ್ಟೋ ಮಕ್ಕಳ ಬ್ಯಾಕ್‌ಲಾಗ್ ತಪ್ಪಿದೆ. ಈ ಅಕ್ಕಂದಿರ ಉಪಕಾರವನ್ನು ಯಾವ ಕಾಲೇಜೂ ಬರೆದಿಟ್ಟಿಲ್ಲ. ಅದೃಷ್ಟವಿದ್ದವರಿಗೆ ಮಾತ್ರ ಅಂಥ ಅಕ್ಕ ಸಿಗುತ್ತಾಳೆ. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರಿಗೆ ಹಾಸ್ಟೆಲೂ ಇಲ್ಲ, ಅಕ್ಕನೂ ಇಲ್ಲ.

ಆ ಅದೃಷ್ಟವನ್ನು ವೇಳಾಪಟ್ಟಿಯೊಳಗೆ ತರುವುದಷ್ಟೇ ಎಸ್‌ಐ ಮಾಡುವ ಕೆಲಸ. ಸೀನಿಯರ್ ಎಂದರೆ ರ‍್ಯಾಗಿಂಗ್ ಎಂಬ ಭಯ ನಮ್ಮಲ್ಲಿ ಎಷ್ಟಿತ್ತೆಂದರೆ 2009ರಲ್ಲಿ ಯುಜಿಸಿ ಅದಕ್ಕೆಂದೇ ಕಟ್ಟುನಿಟ್ಟಿನ ನಿಯಮ ತರಬೇಕಾಯಿತು. ಹಿರಿಯರನ್ನು ಕಿರಿಯರಿಂದ ದೂರವಿಡುವ ನಿಯಮದ ಜೊತೆಗೆ, ಅವರನ್ನು ಗೌರವದಿಂದ ಹತ್ತಿರ ತರುವ ಕೆಲಸವನ್ನೂ ಯಾರಾದರೂ ಮಾಡಬೇಕು. ಇಲ್ಲಿ ಬೈಠಕ್ಕಿನ ಭಾಷೆ ಕನ್ನಡವಿರಲಿ, ಇಂಗ್ಲಿಷ್ ಪದಗಳು ಬೇಕಾದಲ್ಲಿ ಬರಲಿ. ಹೊತ್ತು ಮಾತ್ರ ಕೊನೆಯ ಬಸ್ಸಿಗಿಂತ ಮುಂಚೆ ಇರಬೇಕು, ಇಲ್ಲವಾದರೆ ಯಾರಿಗೆ ಹೆಚ್ಚು ಬೇಕೋ ಅವರೇ ಬರಲಾರರು. ನಡೆಸುವ ಹುಡುಗ ಹುಡುಗಿಯರಿಗೆ ಸಣ್ಣದಾದರೂ ಗೌರವಧನ ಕೊಡಬೇಕು. ಬಿಟ್ಟಿ ಕೆಲಸವಾದರೆ ಮನೆಗೆ ದುಡಿಯಬೇಕಾದ ಜಾಣರು ಅದರಿಂದ ಹೊರಗುಳಿಯುತ್ತಾರೆ.

ಪ್ರಿನ್ಸಿಪಾಲರೇ, ಹೊಸ ಸೆಮಿಸ್ಟರ್ ಶುರುವಾಗುವ ಮುನ್ನ ನಿಮ್ಮ ಕಾಲೇಜಿನ ಹಿಂದಿನ ಎರಡು ವರ್ಷಗಳ ಫಲಿತಾಂಶ ತೆಗೆಸಿ ನೋಡಿ. ಮೂರರಲ್ಲಿ ಒಂದು ಪಾಲು ಮಕ್ಕಳು ಎಡವಿದ ವಿಷಯ ಒಂದಾದರೂ ಇದ್ದೇ ಇರುತ್ತದೆ. ಆ ಒಂದೇ ವಿಷಯಕ್ಕೆ, ಅದನ್ನು ಕಳೆದ ವರ್ಷ ಚೆನ್ನಾಗಿ ಪಾಸು ಮಾಡಿದ ನಾಲ್ವರನ್ನು ಕರೆದು, ಎರಡು ದಿನ ತರಬೇತಿ ಕೊಟ್ಟು, ಒಂದು ಕೊಠಡಿಯ ಬೀಗದ ಕೈ ಅವರಿಗೆ ಒಪ್ಪಿಸಿ.