ಟರ್ಬೊ ಕೊನೆಯ ಖರ್ಚು

ಸವದತ್ತಿಯ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೂ ಇದೆ. ಕಲಾದಗಿ ಶಿಲಾಸಮೂಹದ ಒಂದು ಪದರವನ್ನು ‘ಸವದತ್ತಿ ಕ್ವಾರ್ಟ್ಜೈಟ್’ ಎಂದೇ ಕರೆಯುತ್ತಾರೆ. ಉಕ್ಕಿನ ಬಿಟ್ಟನ್ನೂ ಸವೆಸುವ ಕಲ್ಲು ಇದು. ಬೇಸಿಗೆಯಲ್ಲಿ ಸವದತ್ತಿ, ರಾಮದುರ್ಗದ ಕಡೆ ಬೋರ್ ಕೊರೆಸುವ ರೈತ ಅಡಿಗೆ ಇಷ್ಟೆಂದು ದುಡ್ಡು ಎಣಿಸುವಾಗ, ನೂರಾರು ಅಡಿ ಆಳದಲ್ಲಿ ಈ ಕಲ್ಲನ್ನು ಕುಟ್ಟುವ ಹ್ಯಾಮರ್‌ಗೆ ಬೇಕಾದ ಗಾಳಿಯನ್ನು ಮೇಲಿನ ಕಂಪ್ರೆಸರ್ ಒದಗಿಸುತ್ತಿರುತ್ತದೆ. ಕಲ್ಲಿನ ಪುಡಿಯನ್ನು ಮೇಲಕ್ಕೆ ಊದಿ ತರುವುದೂ ಅದೇ ಗಾಳಿ. ಆ ಕಂಪ್ರೆಸರನ್ನು ತಿರುಗಿಸುವುದು ಬಹುಪಾಲು ಒಂದೇ ಜಾತಿಯ ಎಂಜಿನ್: ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತ, ಟರ್ಬೊ ಕಟ್ಟಿದ ಡೀಸೆಲ್.

ಈ ಎಂಜಿನ್ನಿಗೂ ಈ ಸೀಮೆಗೂ ಹಳೆಯ ನಂಟಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅಣ್ಣನ ಜೊತೆಗೂಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುಮಾಡಿ, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಆ ನೇಗಿಲನ್ನು ಮುಟ್ಟಲು ಹಿಂಜರಿದ ಕಾಲ ಅದು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. 1962ರಲ್ಲಿ ಅಮೆರಿಕದ ಕಮಿನ್ಸ್ ಜೊತೆ ಸೇರಿ ಕಿರ್ಲೋಸ್ಕರ್ ಕಮಿನ್ಸ್ ಹುಟ್ಟಿತು. ಕಮಿನ್ಸ್‌ನ ಹೆಸರಾಂತ ಎನ್‌ಟಿ 855 ಎಂಜಿನ್ ಆರು ಸಿಲಿಂಡರಿನದು, ಗಾತ್ರ 14 ಲೀಟರ್. 855 ಎಂದರೆ ಘನ ಅಂಗುಲಗಳಲ್ಲಿ ಅದರ ಗಾತ್ರ, ಟಿ ಎಂದರೆ ಟರ್ಬೊ. ಗುರ್ಲಹೊಸೂರಿನಲ್ಲಿ ಹುಟ್ಟಿದವರ ಮನೆತನ ಸೈಕಲ್ಲಿನಿಂದ ಹೊರಟು ಇಂಥ ಎಂಜಿನ್ನುಗಳವರೆಗೆ ತಲುಪಲು ಎರಡು ತಲೆಮಾರು ಸಾಕಾಯಿತು.

ಬೈಲಹೊಂಗಲದ ಗ್ಯಾರೇಜಿನಲ್ಲಾಗಲಿ, ಹೆದ್ದಾರಿಯ ಮೇಲಿರುವ ಕಿತ್ತೂರಿನಲ್ಲಾಗಲಿ ಎಂಜಿನ್ ಕೆಲಸ ಬಲ್ಲವರಿಗೆ ಒಂದು ಆಸೆ ಇದ್ದೇ ಇರುತ್ತದೆ: ಕಡಿಮೆ ದುಡ್ಡಿನಲ್ಲಿ, ಗುಜರಿಯಿಂದ ತಂದ ಸಾಮಾನಿನಲ್ಲಿ ಒಂದು ಗಟ್ಟಿಮುಟ್ಟಾದ ಟರ್ಬೊ ಆರು ಸಿಲಿಂಡರ್ ಕಟ್ಟಬಹುದೇ? ಕಟ್ಟಬಹುದು. ಆದರೆ ಹೆಚ್ಚಿನವರು ಖರ್ಚನ್ನು ತಿರುಗುಮುರುಗಾಗಿ ಹಂಚುತ್ತಾರೆ. ಹೊಳೆಯುವ ಟರ್ಬೊಗೆ ಮೊದಲು ದುಡ್ಡು ಸುರಿದು, ಉಳಿದದ್ದರಲ್ಲಿ ಬೇರಿಂಗ್, ರಿಂಗು ನೋಡಿಕೊಳ್ಳುತ್ತಾರೆ. ಎಂಜಿನ್ನಿನ ಬಲ ಟರ್ಬೊದಲ್ಲಿಲ್ಲ, ಅದರ ಕೆಳಗಿರುವ ಕಬ್ಬಿಣದಲ್ಲಿದೆ.

ಮೊದಲಿಗೆ, ಆರೇ ಯಾಕೆ? ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಏರುವಾಗ ಎರಡು ಇಳಿಯುತ್ತವೆ. ಲೆಕ್ಕಕ್ಕೆ ತೂಕ ಸರಿಹೋಗಬೇಕು. ಹೋಗುವುದಿಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುತ್ತ ತಿರುಗುವುದರಿಂದ ಪಿಸ್ಟನ್ ಮೇಲಿನ ಅರ್ಧ ದಾರಿಯನ್ನು ಬೇಗ, ಕೆಳಗಿನ ಅರ್ಧವನ್ನು ನಿಧಾನವಾಗಿ ಕ್ರಮಿಸುತ್ತದೆ. ಆ ವ್ಯತ್ಯಾಸ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎರಡು ಸಲ ನಡುಕವಾಗಿ ಹೊರಬರುತ್ತದೆ. ಆರರ ಸಾಲಿನಲ್ಲಿ ಪಿಸ್ಟನ್ನುಗಳು ಮೂರು ಜೋಡಿಯಾಗಿ 120 ಡಿಗ್ರಿ ಅಂತರದಲ್ಲಿ ನಿಲ್ಲುತ್ತವೆ: ಒಂದಕ್ಕೆ ಆರು, ಎರಡಕ್ಕೆ ಐದು, ಮೂರಕ್ಕೆ ನಾಲ್ಕು. ಈ ಹಂಚಿಕೆಯಲ್ಲಿ ಒಂದು ಜೋಡಿಯ ನಡುಕವನ್ನು ಉಳಿದೆರಡು ನುಂಗಿಬಿಡುತ್ತವೆ. 1-5-3-6-2-4ರ ಕ್ರಮದಲ್ಲಿ ಉರಿಯುತ್ತ ಹೋದರೆ ಪ್ರತಿ 120 ಡಿಗ್ರಿಗೆ ಒಂದು ಹೊಡೆತ ಬೀಳುತ್ತದೆ. ಪ್ರತಿ ಸಿಲಿಂಡರಿನ ಎರಡೂ ಪಕ್ಕ ಒಂದೊಂದು ಮೇನ್ ಬೇರಿಂಗ್, ಒಟ್ಟು ಏಳು. ಬಲ ಹೆಚ್ಚಿಸಿದರೂ ಕ್ರ್ಯಾಂಕ್ ಬಾಗದಂತೆ ಹಿಡಿದಿಡುವುದು ಈ ಏಳು.

ಇನ್ನು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಜಿನ್ನಿಗೆ ಹಾಕಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಸೈಲೆನ್ಸರಿನ ಬಿಸಿಗಾಳಿಯಾಗಿ ಹಾಳಾಗುತ್ತದೆ. ಆ ಗಾಳಿಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಅವರ ಉಪಾಯ. ಗಾಳಿ ಹೆಚ್ಚು ಹೋದರೆ ಆಮ್ಲಜನಕ ಹೆಚ್ಚು. ಅಷ್ಟೇ ಹೆಚ್ಚು ಡೀಸೆಲ್ಲನ್ನು ಹೊಗೆಯಿಲ್ಲದೆ ಉರಿಸಬಹುದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಗಾಳಿಯೇ ಶೇ. 8ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಆ ನಷ್ಟವನ್ನು ಅನುಭವಿಸಲೇಬೇಕು.

ಒತ್ತಿದ ಗಾಳಿ ಬಿಸಿಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. 30 ಡಿಗ್ರಿಯ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ, ಕಂಪ್ರೆಸರಿನ ದಕ್ಷತೆ ಶೇ. 70 ಎಂದು ಹಿಡಿದರೂ, ಗಾಳಿ ಹೊರಬರುವಾಗ 125 ಡಿಗ್ರಿಯ ಹತ್ತಿರ ಇರುತ್ತದೆ. ಬಿಸಿಗೆ ಹಿಗ್ಗಿದ್ದರಿಂದ ಸಾಂದ್ರತೆ ಇಮ್ಮಡಿಯಾಗುವ ಬದಲು ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ 55 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.85 ಪಟ್ಟು. ತಿರುಗುವ ಒಂದು ಭಾಗವೂ ಇಲ್ಲದ ಇಂಟರ್‌ಕೂಲರ್, ಹಳೆಯ ಲಾರಿಯದ್ದೇ ಸಿಕ್ಕರೂ, ಇಷ್ಟು ಲಾಭ ಕೊಡುತ್ತದೆ. ಅಗ್ಗದ ಕಟ್ಟುವಿಕೆಯಲ್ಲಿ ಇದನ್ನು ಬಿಡುವುದು ದೊಡ್ಡ ತಪ್ಪು.

ಹಾಗಾದರೆ ಯಾವ ಎಂಜಿನ್ ತರಬೇಕು? ಹೊರದೇಶಗಳಲ್ಲಿ ಈ ಹುಚ್ಚಿರುವವರು ಟೊಯೊಟಾದ 2ಜೆಝಡ್-ಜಿಟಿಇ ಹೆಸರು ಹೇಳುತ್ತಾರೆ. 2,997 ಸಿಸಿ, ಬೀಡುಕಬ್ಬಿಣದ ಬ್ಲಾಕ್, ಸುಪ್ರಾ ಕಾರಿನಲ್ಲಿ ಬಂದದ್ದು. ಈಗ ಅದರ ಬೆಲೆ ಕೇಳಿದರೆ ಬಜೆಟ್ ಎಂಬ ಮಾತೇ ಉಳಿಯುವುದಿಲ್ಲ. ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು. ಅಲ್ಲಿ ಫೋರ್ಡ್ 2002ರಿಂದ 2016ರವರೆಗೆ ‘ಬಾರಾ’ ಎಂಬ 4 ಲೀಟರಿನ ಆರು ಸಿಲಿಂಡರ್ ಎಂಜಿನ್ ಮಾಡಿತು. ಊರತುಂಬ ಟ್ಯಾಕ್ಸಿಗಳಲ್ಲಿ ಓಡಿದ್ದೂ ಅದೇ. ಓಡಿ ಹಳೆಯದಾದ ಟ್ಯಾಕ್ಸಿಯಿಂದ ಅಗ್ಗಕ್ಕೆ ಸಿಗುವ ಗಟ್ಟಿ ಬ್ಲಾಕು ಅವರ ಅಡಿಪಾಯ.

ನಮ್ಮಲ್ಲಿ ಆ ಜಾಗ ಲಾರಿಯದು. ಟಾಟಾದ 697 ಎಂಜಿನ್ನಿನ ಹೆಸರೇ ಅದರ ಜಾತಕ: ಆರು ಸಿಲಿಂಡರ್, 97 ಮಿ.ಮೀ. ಬೋರ್. ಸ್ಟ್ರೋಕ್ 128 ಮಿ.ಮೀ., ಗಾತ್ರ 5,675 ಸಿಸಿ. ಮರ್ಸಿಡಿಸ್-ಬೆಂಝ್‌ನ ಓಎಂ 352ರ ಅಳತೆಯೂ ಇದೇ. ಟಾಟಾದ ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಝ್ ಜೊತೆ ಮಾಡಿಕೊಂಡ ಒಪ್ಪಂದದ ವಂಶದ ಕುಡಿ ಇದು. ಕಂಪನಿಯೇ ಇದರ ಟರ್ಬೊ ರೂಪವನ್ನೂ ಮಾಡಿದೆ. ಕಮಿನ್ಸ್‌ನ 6ಬಿಟಿ ಇನ್ನೊಂದು: 102ಕ್ಕೆ 120 ಮಿ.ಮೀ., 5,883 ಸಿಸಿ. ಹಿನೊ ವಂಶದ ಅಶೋಕ್ ಲೇಲ್ಯಾಂಡ್ ಆರು ಸಿಲಿಂಡರುಗಳೂ ಉಂಟು. ಇವುಗಳಲ್ಲಿ ಯಾಂತ್ರಿಕ ಡೀಸೆಲ್ ಪಂಪು ಇರುವ ಹಳೆಯ ಮಾದರಿಗಳನ್ನು ತಾಲ್ಲೂಕು ಊರಿನಲ್ಲೇ ಬಿಚ್ಚಿ ಜೋಡಿಸಬಹುದು. ಲ್ಯಾಪ್‌ಟಾಪ್ ಬೇಡ, ಸೆನ್ಸರ್ ಬೇಡ.

ಇಲ್ಲಿ ಒಂದು ಎಚ್ಚರ ಬೇಕು. ಟರ್ಬೊ ಇಲ್ಲದ 697ಕ್ಕೆ ಹೊರಗಿನಿಂದ ಟರ್ಬೊ ತಗುಲಿಸುವುದಕ್ಕಿಂತ, ಟರ್ಬೊ ಸಮೇತ ಹುಟ್ಟಿದ ಎಂಜಿನ್ನನ್ನೇ ಹುಡುಕಿ ತರುವುದು ಒಟ್ಟಾರೆ ಅಗ್ಗ. 97 ಮಿ.ಮೀ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 74 ಚದರ ಸೆಂ.ಮೀ. ಉರಿಯುವ ಕ್ಷಣದಲ್ಲಿ ಒತ್ತಡ 120 ಬಾರ್ ತಲುಪಿದರೆ ಆ ಅಂಗೈಯಗಲದ ಲೋಹದ ಮೇಲೆ ಬೀಳುವ ಭಾರ ಒಂಬತ್ತು ಟನ್. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ ಈ ಏಟನ್ನು ನಿಮಿಷಕ್ಕೆ ಸಾವಿರ ಸಲ ತಿನ್ನುತ್ತದೆ. ಕಾರ್ಖಾನೆಯಲ್ಲಿ ಟರ್ಬೊ ಎಂಜಿನ್ ರೂಪಿಸುವಾಗ ಇದನ್ನೆಲ್ಲ ಎಣಿಸಿರುತ್ತಾರೆ. ಸಾಮಾನ್ಯವಾಗಿ ಕಂಪ್ರೆಷನ್ ಅನುಪಾತ ತುಸು ಕಡಿಮೆ, ಆಯಿಲ್ ಕೂಲರ್ ದೊಡ್ಡದು, ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣ್ಣಗಿಡುವ ಸಣ್ಣ ಕೊಳವೆಗಳೂ ಇರುತ್ತವೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ. ಆ ಕೊಳವೆಗಳಿಲ್ಲದ ಎಂಜಿನ್ನಿಗೆ ಟರ್ಬೊ ಕಟ್ಟಿ ಪಂಪನ್ನೂ ತಿರುವಿ ಹೆಚ್ಚು ಡೀಸೆಲ್ ಕೊಟ್ಟರೆ ಮೊದಲು ಸಾಯುವುದು ಪಿಸ್ಟನ್.

ದುಡ್ಡು ಖರ್ಚಾಗಬೇಕಾದದ್ದು ಅಳತೆಯ ಮೇಲೆ. ಕ್ರ್ಯಾಂಕನ್ನು ತೊಳೆದು, ಕಾಂತವಾಗಿಸಿ, ಮೇಲೆ ಕಬ್ಬಿಣದ ಸಣ್ಣ ಪುಡಿ ಹಾಯಿಸಿದರೆ ಕಣ್ಣಿಗೆ ಕಾಣದ ಬಿರುಕಿನ ಬಾಯಿಯಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಗೆರೆ ಕಂಡ ಕ್ರ್ಯಾಂಕ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಸಿಲಿಂಡರಿನ ಸವೆತವನ್ನು ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಅಡ್ಡ ಉದ್ದ ಎರಡೂ ಕಡೆ ಅಳೆಯಬೇಕು. ಬೇರಿಂಗಿನ ಸಂದು ನೋಡಲು ಇನ್ನೂ ಸೊಗಸಾದ ಉಪಾಯವಿದೆ. ಪ್ಲಾಸ್ಟಿಗೇಜ್ ಎಂಬ ಮೆದು ದಾರದ ತುಂಡೊಂದನ್ನು ಬೇರಿಂಗ್ ಕೂರುವ ಕ್ರ್ಯಾಂಕಿನ ಜರ್ನಲ್ ಮೇಲಿಟ್ಟು, ಕ್ಯಾಪು ಕೂರಿಸಿ, ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿಮಾಡುತ್ತಾರೆ; ಕ್ರ್ಯಾಂಕ್ ತಿರುಗಿಸುವಂತಿಲ್ಲ. ಮತ್ತೆ ಬಿಚ್ಚಿದಾಗ ದಾರ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದು ಎಷ್ಟು ಅಗಲವಾಗಿದೆಯೋ ಸಂದು ಅಷ್ಟು ಕಡಿಮೆ. ಪೊಟ್ಟಣದ ಮೇಲಿನ ಪಟ್ಟಿಗೆ ಹಿಡಿದರೆ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಲೆಕ್ಕ ಸಿಗುತ್ತದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗಿಗೆ ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ ದೂರವೇನಲ್ಲ. ಎರಕ ಮತ್ತು ಯಂತ್ರಗಾರಿಕೆಯಲ್ಲಿ ಪಳಗಿದ ಕೈಗಳು ಇಷ್ಟು ಹತ್ತಿರ ಸಿಗುವುದು ಈ ಸೀಮೆಯ ದೊಡ್ಡ ಸಂಪತ್ತು.

ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್‌ಗೂ ಕೈ ಬಿಗಿ ಹಿಡಿಯಬಾರದು. ಟರ್ಬೊ ಎಂಜಿನ್ನಿನ ಪಂಪುಗಳಲ್ಲಿ ಗಾಳಿಯ ಒತ್ತಡ ಏರಿದ ಮೇಲಷ್ಟೇ ಹೆಚ್ಚು ಎಣ್ಣೆ ಬಿಡುವ ಡಯಾಫ್ರಾಂ ಇರುತ್ತದೆ. ಅದು ಹರಿದಿದ್ದರೆ ಒತ್ತಡ ಎಷ್ಟೇ ಏರಿದರೂ ಪಂಪಿಗೆ ಗೊತ್ತಾಗುವುದಿಲ್ಲ, ಎಂಜಿನ್ ಮಂಕಾಗುತ್ತದೆ. ಅದನ್ನು ಬದಲಿಸುವ ಬದಲು ಸ್ಕ್ರೂ ತಿರುವಿ ಎಣ್ಣೆ ಹೆಚ್ಚಿಸಿದರೆ ಕಪ್ಪು ಹೊಗೆ ಹೊರಡುತ್ತದೆ. ಕಪ್ಪು ಹೊಗೆಯನ್ನು ಬಲದ ಗುರುತೆಂದು ನಂಬುವವರು ಇನ್ನೂ ಇದ್ದಾರೆ. ಅದು ಅರೆಬೆಂದ ಡೀಸೆಲ್ಲು, ರೈತನ ದುಡ್ಡು.

ಕೊನೆಗೆ ಧೂಳು. 1952ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ಓಟಕ್ಕೆ ಕಮಿನ್ಸ್ ಒಂದು ಡೀಸೆಲ್ ಕಾರು ಇಳಿಸಿತು. 6.6 ಲೀಟರಿನ ಆರು ಸಿಲಿಂಡರನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿದ್ದರು, ಟರ್ಬೊ ಕಟ್ಟಿದ್ದರು. ಆ ಓಟದಲ್ಲಿ ಟರ್ಬೊ ಬಂದದ್ದು ಅದೇ ಮೊದಲು. ಚಾಲಕ ಫ್ರೆಡ್ ಅಗಬಾಶಿಯನ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ ಸುಮಾರು 222 ಕಿ.ಮೀ. ವೇಗದಲ್ಲಿ ಓಡಿಸಿ ಎಲ್ಲರಿಗಿಂತ ಮುಂದಿನ ಜಾಗ ಗೆದ್ದರು. ಓಟದ ದಿನ 71ನೇ ಸುತ್ತಿನಲ್ಲಿ ಕಾರು ನಿಂತಿತು. ಟರ್ಬೊ ಗಾಳಿ ಎಳೆಯುವ ಬಾಯಿ ತಗ್ಗಿನಲ್ಲಿತ್ತು. ಟೈರುಗಳ ರಬ್ಬರ್ ಚೂರುಗಳೆಲ್ಲ ಅದರಲ್ಲಿ ಸೇರಿ ದಾರಿ ಮುಚ್ಚಿದ್ದವು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಯ ಕಾರ್ಖಾನೆಗಳ ದಾರಿಯಲ್ಲಿ ಏಳುವ ಧೂಳಿಗೆ ಹೋಲಿಸಿದರೆ ಇಂಡಿಯಾನಾಪೊಲಿಸ್ ಪಟ್ಟೆಯಷ್ಟು ಶುಭ್ರ. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಚಕ್ರದ ಅಂಚಿಗೆ ಒಂದು ಮರಳ ಕಣವೂ ಉಳಿಯ ಏಟು. ಗಾಳಿಯ ಬಾಯಿ ಎತ್ತರದಲ್ಲಿರಬೇಕು, ಫಿಲ್ಟರ್ ದೊಡ್ಡದಿರಬೇಕು, ಹೋಸಿನ ಕ್ಲಿಪ್ಪುಗಳು ಬಿಗಿಯಾಗಿರಬೇಕು.

ಇಂಥ ಎಂಜಿನ್ ಕಟ್ಟಿ ರಸ್ತೆಯ ಗಾಡಿಗೆ ಏರಿಸುವಂತಿಲ್ಲ. ನೋಂದಣಿಯಲ್ಲಿ ಬರೆದದ್ದಕ್ಕಿಂತ ಬೇರೆಯಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಆದರೆ ನಿಂತಲ್ಲೇ ದುಡಿಯುವ ಕೆಲಸ ಈ ಸೀಮೆಯಲ್ಲಿ ಬೇಕಾದಷ್ಟಿದೆ: ಮಲಪ್ರಭೆಯಿಂದ ನೀರೆತ್ತುವ ಪಂಪು, ಜನರೇಟರ್, ಕಂಪ್ರೆಸರ್.

ಜೋಡಿಸಿ ಮುಗಿದ ಎಂಜಿನ್ನನ್ನು ಕೂಡಲೇ ಉರಿಸಬಾರದು. ಟರ್ಬೊದ ಆಯಿಲ್ ಪೈಪಿನಲ್ಲಿ ಮೊದಲು ಕೈಯಿಂದ ಆಯಿಲ್ ತುಂಬಿ, ಡೀಸೆಲ್ ಬಂದುಮಾಡಿ, ಪ್ರೆಶರ್ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಬಿಟ್ಟುಬಿಟ್ಟು ತಿರುಗಿಸಬೇಕು. ಟರ್ಬೊ ಶಾಫ್ಟು ತೇಲುವುದೇ ಆಯಿಲ್ಲಿನ ಪದರದ ಮೇಲೆ. ಶುರುವಾದ ಮೇಲೆ ನೀರು, ಆಯಿಲ್ ಸೋರಿಕೆ ನೋಡಿ, ಬೆಚ್ಚಗಾದ ಮೇಲೆ ಹಂತಹಂತವಾಗಿ ಲೋಡ್ ಕೊಡಬೇಕು; ಬರೀ ಐಡ್ಲಿಂಗಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ ರಿಂಗುಗಳು ಸಿಲಿಂಡರಿಗೆ ಸರಿಯಾಗಿ ಕೂರುವುದಿಲ್ಲ. ನಿಲ್ಲಿಸುವಾಗ ಲೋಡ್ ಇಳಿಸಿ ಮೂರ್ನಾಲ್ಕು ನಿಮಿಷ ನಿಧಾನಕ್ಕೆ ಓಡಿಸಿ, ಟರ್ಬೊ ತಣಿದ ಮೇಲೆ ಬಂದುಮಾಡಬೇಕು. ಮೊದಲ ಆಯಿಲ್ಲನ್ನು ಬೇಗನೆ ಇಳಿಸಿ, ಹಳೆಯ ಫಿಲ್ಟರನ್ನು ಸೀಳಿ ಬಿಸಿಲಿಗೆ ಹಿಡಿದು ನೋಡಿದರೆ, ಮಡಿಕೆಗಳ ನಡುವೆ ಬೇರಿಂಗಿನ ಲೋಹದ ಮಿಣುಕು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.